ವೀಳ್ಯ ಕೊಟ್ಟವರು ಯಾರು?

ಅಲ್ಗಾರಿದಮ್ ಅಂದ ಕೂಡಲೇ ನಮ್ಮ ಸ್ಟುಡಿಯೋಗೆ ಬರುವ ಪರಿಣತರೆಲ್ಲ ಕ್ಯಾಲಿಫೋರ್ನಿಯಾದಿಂದ ಕಥೆ ಶುರು ಮಾಡ್ತಾರೆ. ನಾನು ಹೊನ್ನಾವರದಿಂದ ಶುರು ಮಾಡ್ತೀನಿ.

ಹೊನ್ನಾವರ ತಾಲ್ಲೂಕಿನಲ್ಲಿ ಗುಂಡಬಾಳ ಅಂತ ಒಂದು ಊರು. ಅಲ್ಲಿನ ಮುಖ್ಯಪ್ರಾಣ ದೇವರಿಗೆ ಯಕ್ಷಗಾನ ಅಂದರೆ ಪ್ರೀತಿ. ಭಕ್ತರು ಆಟದ ಹರಕೆ ಹೊರುತ್ತಾರೆ, ಮೇಳದವರು ದೇವಸ್ಥಾನದ ಎದುರು ರಾತ್ರಿಯ ಮೇಲೆ ರಾತ್ರಿ ಕುಣಿಯುತ್ತಾರೆ. ಈ ಆಟದ ವಿಶೇಷ ಏನು ಗೊತ್ತಾ? ನೋಡೋಕೆ ಐನೂರು ಜನ ಬಂದರೂ ಆಟ, ಐದೇ ಜನ ಇದ್ದರೂ ಆಟ. ಹನುಮಂತನೇ ಕೂತು ನೋಡ್ತಾನೆ ಅನ್ನೋದು ಅಲ್ಲಿಯ ನಂಬಿಕೆ. ಎಷ್ಟು ಜನ ಬಂದರು, ಎಷ್ಟು ಹೊತ್ತು ಕೂತರು, ಯಾವ ವೇಷ ಬಂದಾಗ ಎದ್ದು ಚಾ ಕುಡಿಯೋಕೆ ಹೋದರು ಅಂತ ಯಾರೂ ಲೆಕ್ಕ ಇಡೋದಿಲ್ಲ.

ಈಗ ಅದೇ ತಾಲ್ಲೂಕಿನ ಆಟ ಮೊಬೈಲಿನಲ್ಲಿ ಬರುತ್ತದೆ. ಅಲ್ಲಿ ಲೆಕ್ಕ ಇಡದ ಸಂಗತಿ ಒಂದೂ ಇಲ್ಲ.

ನನ್ನ ಪ್ರಶ್ನೆ ಸರಳ. ಕರಾವಳಿಯಲ್ಲಿ ಮೇಳವನ್ನು ಆಟಕ್ಕೆ ಗೊತ್ತು ಮಾಡುವಾಗ ವೀಳ್ಯ ಕೊಡುವುದು ಪದ್ಧತಿ. ವೀಳ್ಯ ಕೊಟ್ಟವನು ಯಾರು ಅಂತ ಕಲಾವಿದನಿಗೆ ಗೊತ್ತಿರುತ್ತಿತ್ತು. ಅವನ ಮನೆಯಲ್ಲೇ ಊಟ, ಅವನ ಗದ್ದೆಯಲ್ಲೇ ರಂಗಸ್ಥಳ. ಚೌಕಿಯಲ್ಲಿ ಮುಖಕ್ಕೆ ಬಣ್ಣ ಹಚ್ಚಿಕೊಳ್ಳುವಾಗಲೇ ಎದುರಿಗೆ ಯಾರು ಕೂತಿರುತ್ತಾರೆ ಅಂತ ವೇಷಧಾರಿಗೆ ಅಂದಾಜು ಇರುತ್ತಿತ್ತು. ಇವತ್ತು ಯೂಟ್ಯೂಬಿನಲ್ಲಿ, ಫೇಸ್‌ಬುಕ್ಕಿನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ವಿಡಿಯೋ ಹಾಕುವ ಹುಡುಗನಿಗೆ ವೀಳ್ಯ ಕೊಟ್ಟವರು ಯಾರು?

ಬಯಲಾಟದ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತು, ಈಗ ಎಲ್ಲ ಹಾಳಾಯಿತು ಅಂತ ನಾನು ಹೇಳ್ತಿಲ್ಲ. ಅದು ಸುಳ್ಳು. ಆಡಿಸುವ ಯಜಮಾನನ ಮರ್ಜಿ ಅವತ್ತೂ ಇತ್ತು. ಯಾರು ಎಲ್ಲಿ ಕೂರಬೇಕು ಅನ್ನುವ ಮೇಲು ಕೀಳು ಕೂಡ ಇತ್ತು. ಆದರೆ ಯಜಮಾನನಿಗೆ ಒಂದು ಮುಖ ಇತ್ತು, ಜಗಳ ಆಡಬೇಕೆಂದರೆ ಅವನ ಮನೆ ಅಂಗಳಕ್ಕೇ ಹೋಗಬಹುದಿತ್ತು.

ಮೊದಲ ದೊಡ್ಡ ತಿರುವು ಡೇರೆ. ಕಳೆದ ಶತಮಾನದ ಮಧ್ಯಭಾಗದಲ್ಲಿ ಟೆಂಟು ಬಂತು, ಟೆಂಟಿನ ಜೊತೆ ಟಿಕೆಟ್ಟು ಬಂತು. ಅಲ್ಲಿಯವರೆಗೆ ಆಟ ನೋಡುವವನು ದುಡ್ಡು ಕೊಡುತ್ತಿರಲಿಲ್ಲ, ಆಡಿಸುವವನು ಕೊಡುತ್ತಿದ್ದ. ಟೆಂಟು ಈ ಲೆಕ್ಕವನ್ನೇ ತಿರುಗಿಸಿಬಿಟ್ಟಿತು. ಮಧ್ಯಾಹ್ನದಿಂದ ಜೀಪಿಗೆ ಮೈಕು ಕಟ್ಟಿಕೊಂಡು ಪೇಟೆಯೆಲ್ಲ ಕೂಗಬೇಕು. ಕುರ್ಚಿಗೆ ಇಷ್ಟು, ನೆಲಕ್ಕೆ ಇಷ್ಟು. ರಾತ್ರಿ ಕಲೆಕ್ಷನ್ ಆಗದಿದ್ದರೆ ಮರುದಿನ ಲಾರಿಗೆ ಡೀಸೆಲ್ ಹಾಕೋದು ಕಷ್ಟ.

ಆಗ ಏನಾಯ್ತು? ಪುರಾಣದ ಪ್ರಸಂಗಗಳ ಪಕ್ಕದಲ್ಲಿ ಸಿನಿಮಾದಂಥ ಹೆಸರಿನ ಹೊಸ ಪ್ರಸಂಗಗಳು ಬಂದವು. ಸಾಲಿಗ್ರಾಮ ಮೇಳದ ಭಾಗವತ ಗುಂಡ್ಮಿ ಕಾಳಿಂಗ ನಾವಡರ 'ನಾಗಶ್ರೀ' ಆ ಕಾಲದ ಭರ್ಜರಿ ಹಿಟ್. 1990ರಲ್ಲಿ ಚಿಕ್ಕ ವಯಸ್ಸಿನಲ್ಲೇ ಅಪಘಾತದಲ್ಲಿ ತೀರಿಕೊಂಡ ನಾವಡರ ಧ್ವನಿ ಕ್ಯಾಸೆಟ್ಟುಗಳಲ್ಲಿ ಕರಾವಳಿಯ ಮನೆಮನೆಗೆ ಹೋಯಿತು. ಪಂಡಿತರು ಮೂಗು ಮುರಿದರು, ಜನ ಟಿಕೆಟ್ ತಗೊಂಡರು. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ 'ಎಂಗೇಜ್‌ಮೆಂಟ್' ನೋಡಿ ಕಂಟೆಂಟ್ ಬದಲಾಯಿಸುವ ಕೆಲಸ ಕಂಪ್ಯೂಟರ್ ಬರುವ ಮೊದಲೇ ನಮ್ಮ ಡೇರೆಗಳಲ್ಲಿ ನಡೆದಿತ್ತು. ಅದರಿಂದ ಕಲೆಗೆ ಕೆಟ್ಟದ್ದೇ ಆಯಿತು ಅಂತ ಹೇಳೋಕೆ ನನಗೆ ಧೈರ್ಯ ಇಲ್ಲ. ನಾವಡರ ಪದ್ಯ ಕೇಳಿದ ಯಾರಿಗೂ ಇರಲಿಕ್ಕಿಲ್ಲ.

ಇಲ್ಲಿ ಹೊನ್ನಾವರದ ಇಬ್ಬರು ದೊಡ್ಡವರ ಹೆಸರು ಹೇಳಲೇಬೇಕು. ಒಬ್ಬರು ಚಿಟ್ಟಾಣಿ ರಾಮಚಂದ್ರ ಹೆಗಡೆ. 1933ರಲ್ಲಿ ಹುಟ್ಟಿ, 2012ರಲ್ಲಿ ಪದ್ಮಶ್ರೀ ಪಡೆದು, 2017ರಲ್ಲಿ ಹೋದವರು. ಯಕ್ಷಗಾನ ಕಲಾವಿದರಲ್ಲಿ ಪದ್ಮಶ್ರೀ ಬಂದದ್ದು ಅವರಿಗೇ ಮೊದಲು. ಅವರ ಭಸ್ಮಾಸುರ, ಕೀಚಕ ಅಂದರೆ ಡೇರೆ ತುಂಬುತ್ತಿತ್ತು, ಕುಣಿತಕ್ಕೆ ಶಿಳ್ಳೆ ಬೀಳುತ್ತಿತ್ತು.

ಇನ್ನೊಬ್ಬರು ಕೆರೆಮನೆ ಶಂಭು ಹೆಗಡೆ. ಅವರ ತಂದೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ ಇವತ್ತಿಗೂ ನಡೆಯುತ್ತಿದೆ. ಶಂಭು ಹೆಗಡೆಯವರು ದೆಹಲಿಗೆ ಹೋಗಿ ಮಾಯಾ ರಾವ್ ಅವರ ಬಳಿ ನೃತ್ಯ ಸಂಯೋಜನೆ ಕಲಿತು ಬಂದವರು. ಡೇರೆಯ ತಿರುಗಾಟವನ್ನೂ ಮಾಡಿ ನೋಡಿದರು. ಆಮೇಲೆ ಬೇರೆ ದಾರಿ ಹಿಡಿದರು. 1986ರಲ್ಲಿ ಗುಣವಂತೆಯಲ್ಲಿ ಶ್ರೀಮಯ ಕಲಾಕೇಂದ್ರ ಶುರುವಾಯ್ತು. ಟಿಕೆಟ್ ಕೌಂಟರ್ ನೋಡಿ ಕುಣಿಯೋದಲ್ಲ, ಕಲಿಸಿ ಪ್ರೇಕ್ಷಕರನ್ನು ತಯಾರು ಮಾಡೋದು ಅನ್ನುವ ದಾರಿ ಅದು. 2009ರಲ್ಲಿ ಇಡಗುಂಜಿಯಲ್ಲಿ ರಾಮನ ವೇಷ ಹಾಕಿದ ರಾತ್ರಿಯೇ ಅವರು ತೀರಿಕೊಂಡರು.

ಒಂದೇ ತಾಲ್ಲೂಕು, ಎರಡು ದಾರಿ. ಎರಡಕ್ಕೂ ಜಾಗ ಇತ್ತು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ನಾನು ಟಿವಿಯವನು, ಟಿವಿಯ ಬಗ್ಗೆ ಮಾತಾಡದೆ ಮೊಬೈಲಿಗೆ ಬೈದರೆ ನೀವು ನಗ್ತೀರಿ. 1994ರಲ್ಲಿ ಉದಯ ಟಿವಿ ಬಂತು. 2006ರಲ್ಲಿ ಟಿವಿ9 ಬಂದ ಮೇಲೆ ಕನ್ನಡದಲ್ಲಿ ಇಪ್ಪತ್ನಾಲ್ಕು ಗಂಟೆಯ ಸುದ್ದಿಯ ಪೈಪೋಟಿ ಜೋರಾಯಿತು. ನಮ್ಮ ವೀಳ್ಯದ ಹೆಸರು ಟಿಆರ್‌ಪಿ. 2015ರಿಂದ ಅದನ್ನು ಅಳೆಯೋದು ಬಾರ್ಕ್. 2020ರ ಹೊತ್ತಿಗೆ ಅವರು ಮೀಟರ್ ಇಟ್ಟಿದ್ದ ಮನೆಗಳು ದೇಶಕ್ಕೆಲ್ಲ ಸೇರಿ ಸುಮಾರು 44 ಸಾವಿರ. ಟಿವಿ ಇದ್ದ ಮನೆಗಳು ಸುಮಾರು 21 ಕೋಟಿ. ಅಂದರೆ ಹೆಚ್ಚುಕಡಿಮೆ 4,800 ಮನೆಗೆ ಒಂದು ಮೀಟರ್. ಆ ಒಂದು ಮನೆಯವರು ಚಾನೆಲ್ ಬದಲಾಯಿಸಿದರೆ ಗುರುವಾರ ನಮ್ಮ ನ್ಯೂಸ್‌ರೂಮಿನಲ್ಲಿ ಎಷ್ಟೋ ಜನರ ಮುಖ ಸಣ್ಣ ಆಗುತ್ತಿತ್ತು. 2020ರ ಅಕ್ಟೋಬರಿನಲ್ಲಿ ಮುಂಬೈ ಪೊಲೀಸರ ಟಿಆರ್‌ಪಿ ಪ್ರಕರಣ ಬಂದ ಮೇಲೆ ಸುದ್ದಿ ಚಾನೆಲ್ಲುಗಳ ರೇಟಿಂಗ್ ನಿಂತೇ ಹೋಯಿತು. ಮತ್ತೆ ಬಂದದ್ದು 2022ರ ಮಾರ್ಚಿನಲ್ಲಿ. ನಡುವಿನ ಆ ಒಂದೂವರೆ ವರ್ಷ ನಾವೇನು ಕಿರುಚೋದು ನಿಲ್ಲಿಸಿದೆವಾ? ಇಲ್ಲ. ಅಭ್ಯಾಸ ಆಗಿತ್ತು. ಅಳೆಯುವ ಯಂತ್ರ ಹೋದರೂ ಅದು ಕಲಿಸಿದ ಕುಣಿತ ಕಾಲಲ್ಲಿ ಉಳಿದುಬಿಡುತ್ತೆ.

ಈಗ ಮೊಬೈಲಿಗೆ ಬರೋಣ. ಎಂಜಿನಿಯರಿಂಗ್ ಓದಿದ್ದಕ್ಕೆ ಇದೊಂದು ಉಪಯೋಗ, ಸ್ವಲ್ಪ ಬಿಡಿಸಿ ಹೇಳ್ತೀನಿ.

2006ರ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ಕು ನ್ಯೂಸ್ ಫೀಡ್ ತಂದಿತು. ಅದಕ್ಕೆ ಮೊದಲು ಗೆಳೆಯ ಏನು ಬರೆದ ಅಂತ ನೋಡಬೇಕಾದರೆ ಅವನ ಪುಟಕ್ಕೆ ನೀವೇ ಹೋಗಬೇಕಿತ್ತು, ಮನೆಗೆ ಹೋಗಿ ಮಾತಾಡಿಸಿ ಬಂದ ಹಾಗೆ. ಫೀಡ್ ಬಂದ ಮೇಲೆ ಎಲ್ಲ ನಿಮ್ಮ ಮನೆ ಬಾಗಿಲಿಗೇ ಬಂತು. ಯಾವುದು ಮೊದಲು ಬರಬೇಕು ಅನ್ನುವ ತೀರ್ಮಾನ ಯಂತ್ರದ ಕೈಗೆ ಹೋಯಿತು. 2010ರಲ್ಲಿ ಕಂಪನಿಯೇ ವಿವರಿಸಿದ 'ಎಡ್ಜ್‌ರ್ಯಾಂಕ್' ಅನ್ನುವ ಸೂತ್ರದಲ್ಲಿ ಮೂರು ಸಂಗತಿ ಇದ್ದವು: ಬರೆದವನಿಗೂ ನಿಮಗೂ ಎಷ್ಟು ಒಡನಾಟ, ಅದು ಫೋಟೋನಾ ಕಮೆಂಟಾ ಅಂತ ಅದರ ತೂಕ, ಹಾಕಿ ಎಷ್ಟು ಹೊತ್ತಾಯ್ತು. ಈ ಮೂರನ್ನೂ ಗುಣಿಸಿದರೆ ಒಂದು ಅಂಕ. ಅಂಕ ಹೆಚ್ಚಿದ್ದವನು ಮೇಲೆ, ಕಡಿಮೆ ಇದ್ದವನು ಕೆಳಗೆ. ತೀರಾ ಕೆಳಗಿದ್ದವನು ಕಾಣೋದೇ ಇಲ್ಲ.

ತೂಕ ಯಾರು ಹಾಕ್ತಾರೆ ಅನ್ನೋದೇ ಮುಖ್ಯ. 2017ರಿಂದ ಒಂದಷ್ಟು ಕಾಲ ಫೇಸ್‌ಬುಕ್ಕಿನ ಒಳಗೆ ಲೈಕಿಗೆ ಒಂದು ಅಂಕ ಇದ್ದರೆ, ಸಿಟ್ಟಿನ ಮುಖದ ಎಮೋಜಿಗೆ ಐದು ಅಂಕ ಇತ್ತು. 2021ರಲ್ಲಿ ಕಂಪನಿಯ ದಾಖಲೆಗಳು ಹೊರಬಿದ್ದಾಗ ಜಗತ್ತಿಗೆ ಇದು ಗೊತ್ತಾಯ್ತು. ಒಬ್ಬನ ಮೇಲೆ ಐದು ಜನ ಪ್ರೀತಿ ತೋರಿಸೋದೂ ಒಬ್ಬ ಸಿಟ್ಟು ಮಾಡಿಕೊಳ್ಳೋದೂ ಸಮ! ಭಟ್ಕಳದಂಥ ಊರಿನ ಸುದ್ದಿ ಹಾಕುವ ಪುಟಗಳಿಗೆ ಈ ಲೆಕ್ಕ ಏನು ಮಾಡಿರಬಹುದು ಅಂತ ಯೋಚನೆ ಮಾಡಿ. ಮಲ್ಲಿಗೆಗೆ ಹೆಸರಾದ ಊರದು. ಗಲಾಟೆಯ ಪೋಸ್ಟಿಗೆ ಬೀಳುವ ಸಿಟ್ಟಿನ ಮುಖಗಳು ಮಲ್ಲಿಗೆ ಮಾರುವವರ ಪೋಸ್ಟಿಗೆ ಬೀಳ್ತಾವಾ?

ಯೂಟ್ಯೂಬಿನ ಕಥೆ ಸ್ವಲ್ಪ ಬೇರೆ. ಅದು ನಮ್ಮ ಕರಾವಳಿಗೆ ಮೊದಲು ಒಳ್ಳೆಯದನ್ನೇ ಮಾಡಿತು.

2012ರವರೆಗೆ ಯೂಟ್ಯೂಬ್ ಎಷ್ಟು ಜನ ಕ್ಲಿಕ್ ಮಾಡಿದರು ಅಂತ ನೋಡುತ್ತಿತ್ತು. ಆ ವರ್ಷ ಎಷ್ಟು ಹೊತ್ತು ನೋಡಿದರು ಅನ್ನುವ ಲೆಕ್ಕಕ್ಕೆ ಬಂತು. ಮೂರು ತಾಸಿನ ಆಟದ ವಿಡಿಯೋ ಹಾಕುವವರಿಗೆ ಇದು ಹಬ್ಬ. ಯಕ್ಷಗಾನದ ಹುಚ್ಚು ಇರುವವರು ಬೆಂಗಳೂರಿನ ಫ್ಲ್ಯಾಟಲ್ಲೋ ಮುಂಬೈಯ ಹೋಟೆಲ್ಲಿನ ಗಲ್ಲಾದಲ್ಲೋ ದುಬೈಯ ರೂಮಿನಲ್ಲೋ ಇಡೀ ಆಟ ಹಾಕಿಟ್ಟು ಕೆಲಸ ಮಾಡುತ್ತಾರೆ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗ ಆದ ಮೇಲೆ ಕೇಳೋದೇ ಬೇಡ. ಅದೇ 2016ರಲ್ಲಿ ಗೂಗಲ್ಲಿನ ಎಂಜಿನಿಯರುಗಳು ಒಂದು ಪ್ರಬಂಧ ಪ್ರಕಟಿಸಿದರು. ಕೋಟ್ಯಂತರ ವಿಡಿಯೋಗಳಿಂದ ಮೊದಲು ಕೆಲವು ನೂರನ್ನು ಸೋಸಿ ತೆಗೆಯೋದು, ಆಮೇಲೆ ಈ ಮನುಷ್ಯ ಯಾವುದನ್ನು ಎಷ್ಟು ಹೊತ್ತು ನೋಡಬಹುದು ಅಂತ ಅಂದಾಜು ಹಾಕಿ ಸಾಲಾಗಿ ಜೋಡಿಸೋದು. ಓದಿದಾಗ ನನಗೆ ನೆನಪಾದದ್ದು ಡೇರೆ ಮೇಳದ ಯಜಮಾನ. ಅವನೂ ಇದನ್ನೇ ಮಾಡುತ್ತಿದ್ದ, ಕುಮಟಾದಲ್ಲಿ ಯಾವ ಪ್ರಸಂಗ, ಭಟ್ಕಳದಲ್ಲಿ ಯಾವ ಪ್ರಸಂಗ ಅಂತ. ವ್ಯತ್ಯಾಸ ಇಷ್ಟೇ: ಅವನು ಊರಿಗೊಂದು ಅಂದಾಜು ಹಾಕುತ್ತಿದ್ದ, ಇದು ಆಳಿಗೊಂದು ಹಾಕುತ್ತೆ.

ಕುಮಟಾ ತಾಲ್ಲೂಕಿನಲ್ಲಿ ನನ್ನ ಗೆಳೆಯನೊಬ್ಬ ಇದ್ದಾನೆ. ಹಗಲು ಅಂಗಡಿ, ರಾತ್ರಿ ಆಟದ ರೆಕಾರ್ಡಿಂಗು. ಮೇಳದವರ ಒಪ್ಪಿಗೆ ತಗೊಂಡು, ಎರಡು ಕ್ಯಾಮೆರಾ ಇಟ್ಟು, ಹಿಮ್ಮೇಳದ ಮೈಕಿನಿಂದ ನೇರ ಧ್ವನಿ ತಗೊಂಡು ಶ್ರದ್ಧೆಯಿಂದ ಮಾಡುತ್ತಾನೆ. ಅವನ ಚಾನೆಲ್ಲಿಗೆ ದುಡ್ಡು ಬರತೊಡಗಿದ್ದು ಈ ಕಾಲದಲ್ಲಿ. 2018ರ ಜನವರಿಯಲ್ಲಿ ಯೂಟ್ಯೂಬ್ ಹೊಸ ನಿಯಮ ತಂತು: ಸಾವಿರ ಚಂದಾದಾರರು ಮತ್ತು ಹಿಂದಿನ ಹನ್ನೆರಡು ತಿಂಗಳಲ್ಲಿ 4,000 ಗಂಟೆಯ ವೀಕ್ಷಣೆ ಇದ್ದರೆ ಮಾತ್ರ ಜಾಹೀರಾತಿನ ಪಾಲು. ಎಷ್ಟೋ ಸಣ್ಣ ಚಾನೆಲ್ಲುಗಳು ಸೋತವು. ಇವನು ಗೆದ್ದ. ಮೂರು ತಾಸಿನ ಒಂದು ಆಟವನ್ನು 1,334 ಜನ ಪೂರ್ತಿ ನೋಡಿದರೆ 4,000 ಗಂಟೆ ಮುಗಿಯಿತಲ್ಲ! ಸಾವಿರ ಜನ ಕೂಡಿಸೋದೇ ಅವನಿಗೆ ಸ್ವಲ್ಪ ಕಷ್ಟವಾದದ್ದು. ನೆಂಟರಿಷ್ಟರ ಮನೆಗಳಿಗೆಲ್ಲ ಫೋನ್ ಮಾಡಿದ.

ಆಮೇಲೆ 2020. ಮಾರ್ಚಿನಲ್ಲಿ ಲಾಕ್‌ಡೌನ್, ತಿರುಗಾಟ ಅರ್ಧಕ್ಕೇ ನಿಂತಿತು, ಕಲಾವಿದರು ಮನೆಯಿಂದಲೇ ತಾಳಮದ್ದಲೆ ಲೈವ್ ಮಾಡಿದರು. ಜೂನ್ 29ಕ್ಕೆ ಟಿಕ್‌ಟಾಕ್ ಸೇರಿ 59 ಚೀನೀ ಆ್ಯಪ್‌ಗಳಿಗೆ ನಿಷೇಧ. ಖಾಲಿ ಬಿದ್ದ ಜಾಗಕ್ಕೆ ಜುಲೈಯಲ್ಲಿ ಇನ್‌ಸ್ಟಾಗ್ರಾಮ್ ರೀಲ್ಸ್ ತಂದಿತು, ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ತಂದಿತು, ಅದೂ ಮೊದಲು ಭಾರತದಲ್ಲೇ. ಮೂರೇ ತಿಂಗಳಲ್ಲಿ ಆಟದ ನಿಯಮ ಬದಲಾಯ್ತು. ಶಾರ್ಟ್ಸಿನ ಉದ್ದ 2024ರ ಅಕ್ಟೋಬರಿನವರೆಗೆ ಅರವತ್ತು ಸೆಕೆಂಡು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗಿನ ಆಟ ಅಂದರೆ 480 ನಿಮಿಷ. ನಾನೂರ ಎಂಬತ್ತರಲ್ಲಿ ಒಂದು ಪಾಲು!

ಆ ಒಂದು ಪಾಲಿನಲ್ಲಿ ಏನು ಹಿಡಿಸುತ್ತೆ? ಚಂಡೆಯ ಅಬ್ಬರ ಹಿಡಿಸುತ್ತೆ, ಗಿರಕಿ ಹಿಡಿಸುತ್ತೆ, ಹಾಸ್ಯಗಾರನ ಒಂದು ಚಟಾಕಿ ಹಿಡಿಸುತ್ತೆ. ಹಿಡಿಸದೇ ಇರೋದು ಪೀಠಿಕೆ. ಪಾತ್ರ ಬಂದು ನಿಂತು, ನಾನು ಯಾರು, ಯಾಕೆ ಬಂದೆ, ನನ್ನ ಒಳಗೆ ಏನು ಕುದಿಯುತ್ತಿದೆ ಅಂತ ಹತ್ತು ನಿಮಿಷ ಮಾತಾಡುವ ಭಾಗ. ಉತ್ತರ ಕನ್ನಡದ ಬಡಗು ಹೆಸರಾದದ್ದೇ ಅಭಿನಯಕ್ಕೆ, ಪಾತ್ರವನ್ನು ನಿಧಾನವಾಗಿ ಬೆಳೆಸುವುದಕ್ಕೆ. ಬೆರಳು ಮೇಲಕ್ಕೆ ತಳ್ಳಿದರೆ ಮುಂದಿನ ವಿಡಿಯೋ ಬರುವ ಜಾಗದಲ್ಲಿ ನಿಧಾನಕ್ಕೆ ಬೆಲೆ ಇಲ್ಲ. ಅದಕ್ಕೇ ಹೇಳಿದ್ದು, ಎರಡು ದಾರಿಗೂ ಜಾಗ ಇತ್ತು ಅಂತ. ಡೇರೆಯವನಿಗೆ ಡೇರೆ, ಗುಣವಂತೆಯವರಿಗೆ ಗುಣವಂತೆ. ಈಗ ಇಬ್ಬರೂ ಒಂದೇ ಪರದೆಯಲ್ಲಿ, ಒಂದೇ ತಕ್ಕಡಿಯಲ್ಲಿ ತೂಗಬೇಕು. ಚಿಟ್ಟಾಣಿಯವರ ಹಳೆಯ ಕುಣಿತದ ತುಣುಕುಗಳು ಈ ತಕ್ಕಡಿಯಲ್ಲೂ ಗೆಲ್ಲುತ್ತವೆ. ಆದರೆ ಆ ಕುಣಿತಕ್ಕೆ ಮೊದಲು ಅವರು ಇಡೀ ರಾತ್ರಿ ಕಾದು ಕಟ್ಟಿದ್ದು ಏನು ಅನ್ನೋದು ತುಣುಕು ನೋಡಿದವನಿಗೆ ಗೊತ್ತಾಗೋದಿಲ್ಲ.

ಚಿಕ್ಕದಾಗಿದ್ದರೆ ಕೆಟ್ಟದು ಅನ್ನೋ ವಾದವೂ ನನ್ನದಲ್ಲ. ಪಕ್ಕದ ಅಂಕೋಲೆಯ ದಿನಕರ ದೇಸಾಯಿಯವರು ನಾಲ್ಕೇ ಸಾಲಿನ ಚುಟುಕದಲ್ಲಿ ಇಡೀ ಜಿಲ್ಲೆಯನ್ನು ನಗಿಸಿ ಚಿವುಟಿದವರು. ನಾಲ್ಕು ಸಾಲು ಸಾಕು ಅಂತ ಅಲ್ಲಿ ತೀರ್ಮಾನ ಮಾಡಿದ್ದು ಕವಿ, ಅಷ್ಟೇ ವ್ಯತ್ಯಾಸ.

ಗೆಳೆಯನಿಗೆ ಆದ ಪೆಟ್ಟು ದುಡ್ಡಿನದಲ್ಲ. ಅವನ ವಿಡಿಯೋ ಈಗಲೂ ಸಾವಿರಾರು ಜನ ನೋಡುತ್ತಾರೆ, ತುಣುಕು ಹಾಕಿದರೆ ಇನ್ನೂ ಹೆಚ್ಚು. "ಮಾರಾಯಾ, ಎಂತಾ ಹೇಳುದು" ಅಂದ. "ಮೊದಲು ಕಮೆಂಟಿನಲ್ಲಿ ಬರುವ ಎಲ್ಲರ ಹೆಸರೂ ಗೊತ್ತಿತ್ತು. ಆ ಊರಿನ ಭಟ್ಟರು, ಈ ಊರಿನ ನಾಯ್ಕರು, ಮಸ್ಕತ್ತಿನಲ್ಲಿರುವ ಒಬ್ಬರು. ಭಾಗವತರ ತಾಳ ತಪ್ಪಿದರೆ ಹೇಳುತ್ತಿದ್ದರು. ಈಗ ನೋಡುವವರು ಯಾರು ಅಂತಲೇ ಗೊತ್ತಾಗೂದಿಲ್ಲ. ಅವರಿಗೆ ನಾನು ಹಾಕಿದ್ದು ಬರೂದಿಲ್ಲಂತೆ. ಗಂಟೆ ಗುರುತು ಒತ್ತಿದವರಿಗೂ ಬರೂದಿಲ್ಲಂತೆ!" 2018ರಲ್ಲೇ ಯೂಟ್ಯೂಬಿನ ಅಧಿಕಾರಿಯೊಬ್ಬರು ಹೇಳಿದ್ದರು, ಜನ ನೋಡುವ ಹೊತ್ತಿನಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಯಂತ್ರದ ಶಿಫಾರಸಿನಿಂದ ಬರುವುದು ಅಂತ. ಅಂದಮೇಲೆ ಚಂದಾದಾರ ಅನ್ನುವ ಶಬ್ದಕ್ಕೆ ಉಳಿದ ಅರ್ಥ ಎಷ್ಟು?

ಭಟ್ಕಳದಲ್ಲಿ ಇದೇ ಸಂಗತಿಗೆ ಇನ್ನೊಂದು ಮುಖ ಇದೆ. ಅಲ್ಲಿನ ನವಾಯತರ ಮನೆಮನೆಯಲ್ಲೂ ಕೊಲ್ಲಿ ದೇಶಕ್ಕೆ ಹೋದವರಿದ್ದಾರೆ. ಊರಿನ ಸುದ್ದಿ ಅವರಿಗೆ ಪತ್ರದಲ್ಲಿ ಹೋಯಿತು, ಆಮೇಲೆ ಕ್ಯಾಸೆಟ್ಟಿನಲ್ಲಿ, ಆಮೇಲೆ ಭಟ್ಕಳದ್ದೇ ಸುದ್ದಿತಾಣಗಳಲ್ಲಿ. ಅವರ ಮಾತು ನವಾಯತಿ, ಕೊಂಕಣಿಗೆ ಹತ್ತಿರದ ಭಾಷೆ, ಬರೆಯೋದು ಉರ್ದುವಿನ ಲಿಪಿಯಲ್ಲಿ. ಗೂಗಲ್ ಅನುವಾದಕ್ಕೆ ಕೊಂಕಣಿ ಸೇರಿದ್ದೇ 2022ರಲ್ಲಿ. ನವಾಯತಿ ಅನ್ನುವ ಆಯ್ಕೆ ಫೋನಿನ ಸೆಟ್ಟಿಂಗಿನಲ್ಲಿ ಹುಡುಕಿದರೂ ಸಿಗದು. ನವಾಯತಿಯಲ್ಲಿ ಹಾಸ್ಯ ಮಾಡುವ ಹುಡುಗನ ವಿಡಿಯೋವನ್ನು ಯಾರ ಮುಂದೆ ಇಡಬೇಕು ಅಂತ ಯಂತ್ರ ಹೇಗೆ ತೀರ್ಮಾನ ಮಾಡಬೇಕು? ಹಾಲಕ್ಕಿಗಳ ಕನ್ನಡಕ್ಕೂ ಹವ್ಯಕರ ಕನ್ನಡಕ್ಕೂ ಇದೇ ಪಾಡು. ಆ ಹುಡುಗ ಕೊನೆಗೆ ಹಿಂದಿಗೋ ಉರ್ದುವಿಗೋ ಹೊರಳುತ್ತಾನೆ. ಒಂದು ಭಾಷೆ ಯಾರೂ ಬೈಯದೆ, ಯಾರೂ ನಿಷೇಧ ಮಾಡದೆ ಹಿಂದೆ ಬೀಳೋದು ಹೀಗೆ.

ಜಾಗಗಳಿಗೂ ಹೀಗೇ. ಮುರ್ಡೇಶ್ವರದ 123 ಅಡಿಯ ಶಿವ ಮತ್ತು ಗೋಕರ್ಣದ ಓಂ ಬೀಚು ನನ್ನ ಫೋನಿಗೆ ಕೇಳದೆಯೇ ಬರುತ್ತವೆ. ಕಾಸರಕೋಡಿನ ಇಕೋ ಬೀಚು, 2020ರಲ್ಲಿ ಬ್ಲೂ ಫ್ಲ್ಯಾಗ್ ಬಂದದ್ದು, ಅದೂ ಬರುತ್ತೆ. ಅದೇ ಕಾಸರಕೋಡಿನ ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಳಿಂದ ಹೋರಾಡುತ್ತಿದ್ದಾರೆ. ಅದನ್ನು ನಾನೇ ಹುಡುಕಬೇಕು.

ಯಂತ್ರದ ಬೆಳಕು ಬಿದ್ದರೆ ಏನಾಗುತ್ತೆ ಅಂತಲೂ ಈ ಜಿಲ್ಲೆ ನೋಡಿದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಕೇರಳದ ಒಬ್ಬ ಲಾರಿ ಚಾಲಕ ನಾಪತ್ತೆಯಾದ ಮೇಲೆ ಮಲಯಾಳಂ ಚಾನೆಲ್ಲುಗಳು, ಯೂಟ್ಯೂಬರುಗಳು ಹೆದ್ದಾರಿಯಲ್ಲಿ ಬೀಡುಬಿಟ್ಟರು. ಕೇರಳದ ಮೊಬೈಲುಗಳಲ್ಲಿ ವಾರಗಟ್ಟಲೆ ಶಿರೂರು. ಗಂಗಾವಳಿಯ ಆಚೆ ದಡದ ಉಳುವರೆಯಲ್ಲಿ ನೀರು ಎದ್ದು ಬಂದು ಮನೆಗಳೇ ಹೋಗಿದ್ದವು, ಶಿರೂರಿನಲ್ಲಿ ನಮ್ಮದೇ ಜನ ಸತ್ತಿದ್ದರು. ಅಲ್ಲಿಗೆ ಕ್ಯಾಮೆರಾ ತಿರುಗಿದ್ದು ಕಡಿಮೆ. ಆದರೂ ಒಂದು ಮಾತು ಒಪ್ಪಬೇಕು. ಆ ಒತ್ತಡ ಇಲ್ಲದಿದ್ದರೆ ಗೋವಾದಿಂದ ಡ್ರೆಜ್ಜರ್ ತರಿಸಿ ಸೆಪ್ಟೆಂಬರಿನವರೆಗೆ ಹುಡುಕುತ್ತಿದ್ದರು ಅಂತ ನನಗೆ ಅನಿಸೋದಿಲ್ಲ. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಗಮನ ಅನ್ನೋದು ಈಗ ಜೆಸಿಬಿಯ ಹಾಗೆ, ಎಲ್ಲಿಗೆ ಹೋಗುತ್ತೋ ಅಲ್ಲಿ ಮಣ್ಣು ಸರಿಯುತ್ತೆ. ಕೀಲಿ ಯಾರ ಕೈಯಲ್ಲಿದೆ ಅನ್ನೋದೇ ತಕರಾರು.

ಯುರೋಪಿನವರು ಈ ತಕರಾರಿಗೆ ಕಾನೂನು ಮಾಡಿದ್ದಾರೆ. ಅಲ್ಲಿನ ಡಿಜಿಟಲ್ ಸರ್ವಿಸಸ್ ಆ್ಯಕ್ಟಿನ ಪ್ರಕಾರ, ನಿಮ್ಮ ಜಾತಕ ನೋಡದೆ ಫೀಡ್ ತೋರಿಸುವ ಒಂದು ಆಯ್ಕೆಯನ್ನಾದರೂ ದೊಡ್ಡ ಕಂಪನಿಗಳು ಕೊಡಲೇಬೇಕು. 2023ರ ಆಗಸ್ಟಿನಿಂದ ಇದು ಜಾರಿಯಲ್ಲಿದೆ. ನಮ್ಮ 2021ರ ಐಟಿ ನಿಯಮದಲ್ಲಿ ದೂರು ಕೇಳುವ ಅಧಿಕಾರಿ ಭಾರತದಲ್ಲೇ ಇರಬೇಕು ಅಂತ ಇದೆ, ಒಳ್ಳೆಯದೇ. ಆದರೆ ಕುಮಟಾದವನು ಅವರಿಗೆ ಏನಂತ ಬರೆಯಬೇಕು? ನನ್ನ ವಿಡಿಯೋ ಅಳಿಸಿದ್ದಾರೆ ಅಂತಲಾ? ಅಳಿಸಿಲ್ಲವಲ್ಲ. ನನ್ನ ಪ್ರೇಕ್ಷಕರು ಅಲ್ಲೇ ಇದ್ದಾರೆ, ನಾನೂ ಇಲ್ಲೇ ಇದ್ದೇನೆ, ನಡುವೆ ಬಾಗಿಲು ಹಾಕಿದೆ ಅಂತ ದೂರು ಕೊಡೋಕೆ ಯಾವ ಕಾಲಮ್ಮಿದೆ?

ಗೆಳೆಯ ಈಗ ವಾಟ್ಸ್ಆ್ಯಪ್ ಗುಂಪಿಗೆ ಮರಳಿದ್ದಾನೆ. ಅಲ್ಲಿ ಯಂತ್ರ ಸಾಲು ಹಾಕೋದಿಲ್ಲ, ಮೊದಲು ಬಂದದ್ದು ಮೊದಲು. ದಿನಾ ಸಂಜೆ ಯಾವ ಮೇಳ, ಯಾವ ಊರು, ಯಾವ ಪ್ರಸಂಗ, ಭಾಗವತರು ಯಾರು ಅಂತ ಹಾಕುತ್ತಾನೆ. ಮರುದಿನ ಪೂರ್ತಿ ಆಟದ ಕೊಂಡಿ. ತುಣುಕು ಹಾಕೋದನ್ನೂ ಬಿಟ್ಟಿಲ್ಲ, ಕ್ಯಾಮೆರಾದ ಸಾಲದ ಕಂತು ಅದರಿಂದಲೇ ಹೋಗಬೇಕಂತೆ. ಒಂದು ಗುಂಪಿಗೆ 1,024 ಜನರ ಮಿತಿ, ಅದು ತುಂಬಿದೆ. ಎರಡನೇ ಗುಂಪು ಮಾಡಿದ್ದೇನೆ, ನಿನ್ನ ನಂಬರು ಹಾಕ್ಲಾ ಅಂತ ಕೇಳಿದ. ಹಾಕು ಅಂದೆ.